ಬೆಳಗ್ಗೆ ಮಾತ್ರ ಜುಮ್ಮೆನ್ನುತ್ತಿದ್ದ ತಂತಿ

ಹಳೆಯ ಮನೆಯಲ್ಲಿ ಬದುಕುವವರಿಗೆ ಕೆಲವು ಸಂಗತಿಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಿತ್ತಲ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು, ಇಲ್ಲದಿದ್ದರೆ ಚಿಲಕ ಕೂರುವುದಿಲ್ಲ. ಅಡುಗೆಮನೆಯ ಸ್ವಿಚ್ಚನ್ನು ಎರಡು ಸಲ ಒತ್ತಬೇಕು, ಮೊದಲ ಸಲಕ್ಕೆ ಅದು ಬರೀ ಚಿಟಿಚಿಟಿ ಅನ್ನುತ್ತದೆ. ಇಸ್ತ್ರಿ ಪೆಟ್ಟಿಗೆ ಮುಟ್ಟುವ ಮೊದಲು ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು. ಟೈಲರಕ್ಕನ ಮನೆಯಲ್ಲಿ ಇದೆಲ್ಲ ಹಲ್ಲುಜ್ಜಿದಷ್ಟೇ ಸಹಜವಾಗಿ ನಡೆದುಹೋಗುತ್ತಿತ್ತು.

ಟೈಲರಕ್ಕ ಎಂದರೆ ಬೀದಿಯ ಕೊನೆಯ ಮನೆಯ ಸೊಸೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಗಂಡ ಬಸ್ ಡ್ರೈವರ್. ಅತ್ತೆ ಮಾವ ಜೊತೆಗೇ ಇದ್ದರು. ಮಾವ ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಯಂತ್ರ ನಡೆಸಿ ನಿವೃತ್ತರಾದವರು. ಬೀದಿಗೆಲ್ಲ ಅವರು 'ಫ್ಯೂಸಣ್ಣ'. ಯಾರ ಮನೆಯಲ್ಲಿ ಫ್ಯೂಸ್ ಹೋದರೂ ಅವರನ್ನೇ ಕರೆಯುತ್ತಿದ್ದರು. ಹಳೆಯ ವೈರಿನಿಂದ ತಾಮ್ರದ ಎಳೆಗಳನ್ನು ಬಿಡಿಸಿ, ಮೂರನ್ನು ಒಟ್ಟಿಗೆ ಹೊಸೆದು ಕಟ್ಟಿಬಿಟ್ಟರೆ ಆ ಮನೆಯಲ್ಲಿ ಮತ್ತೆ ಫ್ಯೂಸ್ ಹೋಗುವ ಮಾತೇ ಇರಲಿಲ್ಲ. "ನಮ್ಮ ಮನೇಲಿ ಫ್ಯೂಸ್ ಹೋಗಿ ಹದಿನಾಲ್ಕು ವರ್ಷ ಆಯ್ತು" ಎಂದು ಅವರು ಆಗಾಗ ಹೇಳುತ್ತಿದ್ದರು. ಹೇಳುವಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಟೈಲರಕ್ಕನಿಗೆ ಇದ್ದ ಚಿಂತೆ ಫ್ಯೂಸಿನದಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯದು.

ಹಿತ್ತಲಿಗೆ ಮೆಟ್ಟುತ್ತಿದ್ದ ಚಪ್ಪಲಿ ಹರಿದ ಮೇಲೆ, ಒಂದು ತಿಂಗಳಿಂದ ಅದು ಅವಳ ಕೈಯನ್ನು ಜುಮ್ಮೆನ್ನಿಸುತ್ತಿತ್ತು. ದಿನಾ ಅಲ್ಲ, ಯಾವಾಗಲೂ ಅಲ್ಲ. ಬೆಳಗ್ಗೆ ಒದ್ದೆ ಬಟ್ಟೆ ಹರಡುವಾಗ ಒಮ್ಮೊಮ್ಮೆ ಬೆರಳ ತುದಿಯಿಂದ ಮೊಣಕೈವರೆಗೆ ಇರುವೆ ಸಾಲು ಹರಿದಂತಾಗುತ್ತಿತ್ತು. ಮೊದಲ ಸಲ ಅವಳು ಮನೆಯಲ್ಲಿ ಹೇಳಿದಾಗ ಮಾವ ಬಿದ್ದು ಬಿದ್ದು ನಕ್ಕಿದ್ದರು.

"ತಂತಿಗೂ ಕರೆಂಟಿಗೂ ಏನಮ್ಮಾ ಸಂಬಂಧ? ಒಂದು ತುದಿ ಗೋಡೇಲಿದೆ, ಇನ್ನೊಂದು ತುದಿ ಮರದ ಕಂಬದಲ್ಲಿದೆ. ಮಧ್ಯೆ ನಿನ್ನ ಗಂಡನ ಪ್ಯಾಂಟಿದೆ. ಕರೆಂಟು ಎಲ್ಲಿಂದ ಬರುತ್ತೆ, ಪ್ಯಾಂಟಿಂದಲಾ?"

ಅವಳು ಬಿಡಲಿಲ್ಲ. ಅದಕ್ಕೆ ಒಂದು ಮಧ್ಯಾಹ್ನ ಊಟ ಮುಗಿಸಿ ಅವರೇ ಹಿತ್ತಲಿಗೆ ಬಂದು, ಎರಡೂ ಕೈಯಲ್ಲಿ ತಂತಿ ಹಿಡಿದು ನಿಂತರು. "ನೋಡು, ನೇತಾಡಿದ್ರೂ ಏನೂ ಇಲ್ಲ. ನೀನು ಎಲ್ಲದಕ್ಕೂ ಹೆದರ್ತೀಯ. ಗುಬ್ಬಿ ರೆಕ್ಕೆ ಬಡಿದ್ರೂ ನಿನಗೆ ಗುಡುಗು." ಅವತ್ತು ಅವಳು ಸುಮ್ಮನಾದಳು. ತನ್ನ ಕೈಯ ಮೇಲೆ ತನಗೇ ಅನುಮಾನ ಬಂದಿತ್ತು.

ಆದರೆ ಈಗ ಸುಮ್ಮನಿರುವಂತಿರಲಿಲ್ಲ. ಇನ್ನು ಹತ್ತು ದಿನಕ್ಕೆ ನಾದಿನಿ ಬರುವವಳಿದ್ದಳು, ಎರಡು ತಿಂಗಳು ಇರಲು. ಜೊತೆಗೆ ಅವಳ ಹನ್ನೊಂದು ತಿಂಗಳ ಮಗಳು. ಸಿಕ್ಕಿದ್ದನ್ನೆಲ್ಲ ಹಿಡಿದು ಎದ್ದು ನಿಲ್ಲುವ ವಯಸ್ಸು. ಆ ತಂತಿಯೋ, ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ ಹೊರಬಂದು, ಗೋಡೆಗುಂಟ ಮೇಲೇರಿ, ಕೊಕ್ಕೆ ಸುತ್ತಿ ಕಂಬದವರೆಗೆ ಹೋಗುತ್ತಿತ್ತು. ಮಗು ಹಿಡಿದು ಏಳಲು ಅದಕ್ಕಿಂತ ಅನುಕೂಲವಾದದ್ದು ಇಡೀ ಮನೆಯಲ್ಲಿ ಇನ್ನೊಂದಿರಲಿಲ್ಲ. ಟೈಲರಕ್ಕ ಬಟ್ಟೆ ಕತ್ತರಿಸುವಾಗಲೂ ಕಣ್ಣ ಮುಂದೆ ಅದೇ ಬರುತ್ತಿತ್ತು: ಸಣ್ಣ ಬೆರಳು, ಆ ತಂತಿ.

ಹೀಗಿರುವಾಗ ಒಂದು ಶುಕ್ರವಾರ ಒಬ್ಬ ಹೆಂಗಸು ತನ್ನ ಕೆಲಸದ ಕೋಟು ಹಿಡಿದು ಬಂದಳು.

"ಅಕ್ಕಾ, ಈ ಜೇಬು ಇನ್ನೂ ನಾಲ್ಕು ಬೆರಳು ಆಳ ಆಗ್ಬೇಕು. ಬಗ್ಗಿದಾಗೆಲ್ಲ ಟೆಸ್ಟರ್ ಬಿದ್ದುಹೋಗುತ್ತೆ. ಮೊನ್ನೆ ಒಬ್ಬರ ಮನೆ ನೀರಿನ ಟ್ಯಾಂಕಿಗೇ ಬಿತ್ತು."

"ಟೆಸ್ಟರಾ? ಏನು ಕೆಲಸ ನಿಮ್ದು?"

"ಎಲೆಕ್ಟ್ರಿಷಿಯನ್. ಹಳೇ ಮನೆಗಳ ವೈರಿಂಗ್ ಮಾಡ್ತೀನಿ. ಲೈಸೆನ್ಸ್ ಇದೆ, ತೋರಿಸ್ಲಾ? ಎಲ್ರೂ ನನ್ನನ್ನ ಕೇಳ್ತಾರೆ. ನಮ್ಮ ಜೊತೆ ಬರೋ ಗಂಡಸರನ್ನ ಮಾತ್ರ ಯಾರೂ ಕೇಳಲ್ಲ."

ಟೈಲರಕ್ಕ ನಕ್ಕಳು. ಜೇಬಿನ ಬಟ್ಟೆಯನ್ನು ಮಡಿಸಿ, ಇಸ್ತ್ರಿ ಮಾಡಲು ಎದ್ದು, ಕಾಲನ್ನು ಚಪ್ಪಲಿಗೆ ತೂರಿಸಿದಳು. ಎಲೆಕ್ಟ್ರಿಷಿಯನ್ ಅದನ್ನು ನೋಡಿದಳು.

"ಕೂತು ಹೊಲಿಯುವಾಗ ಬರಿಗಾಲು, ಇಸ್ತ್ರಿಗೆ ಮಾತ್ರ ಚಪ್ಪಲಿ. ಯಾಕಕ್ಕಾ?"

"ಓ, ಇದಾ? ಸ್ವಲ್ಪ ಜುಮ್ ಅನ್ನುತ್ತೆ. ಚಪ್ಪಲಿ ಹಾಕಿದ್ರೆ ಏನಿಲ್ಲ."

"ಎಷ್ಟು ದಿನದಿಂದ?"

"ದಿನ ಏನು ಬಂತು, ನಾನು ಮದುವೆಯಾಗಿ ಬಂದಾಗಿಂದ ಹಾಗೇ."

ಎಲೆಕ್ಟ್ರಿಷಿಯನ್ ಕೋಟನ್ನು ಮೇಜಿನ ಮೇಲಿಟ್ಟಳು. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. "ಇನ್ನೇನು ಜುಮ್ ಅನ್ನುತ್ತೆ ಈ ಮನೇಲಿ?" ಎಂದಷ್ಟೇ ಕೇಳಿದಳು, ಡಾಕ್ಟರು ಇನ್ನೆಲ್ಲಿ ನೋವು ಎಂದು ಕೇಳುವ ಹಾಗೆ.

ಅಷ್ಟು ಸಾಕಾಗಿತ್ತು. ತಿಂಗಳಿಂದ ನುಂಗಿಕೊಂಡದ್ದೆಲ್ಲ ಟೈಲರಕ್ಕನ ಬಾಯಿಂದ ಹೊರಬಂತು. ತಂತಿ, ಇರುವೆ ಸಾಲು, ಮಾವನ ನಗು, ಮಧ್ಯಾಹ್ನದ ಪರೀಕ್ಷೆ, ಬರಲಿರುವ ಮಗು. ಕೊನೆಗೆ, "ನನಗೇ ಭ್ರಮೆ ಇರ್ಬೇಕು, ಅಲ್ವಾ?" ಎಂದಳು.

"ಭ್ರಮೆಗೆ ಟೈಮ್ ಟೇಬಲ್ ಇರಲ್ಲ ಅಕ್ಕಾ. ಬೆಳಗ್ಗೆ ಮಾತ್ರ ಅಂದ್ರಲ್ಲ. ಬೆಳಗ್ಗೆ ನಿಮ್ಮ ಮನೇಲಿ ಯಾವುದು ಆನ್ ಇರುತ್ತೆ, ಮಧ್ಯಾಹ್ನ ಇರಲ್ಲ?"

ಟೈಲರಕ್ಕ ಯೋಚಿಸಿದಳು. ಗಂಡನಿಗೆ ಬೆಳಗಿನ ಪಾಳಿ. ಅವನು ಸ್ನಾನಕ್ಕೆ ಹೋಗುವ ಹೊತ್ತಿಗೆ ಅವಳು ಹಿತ್ತಲಲ್ಲಿ ಬಟ್ಟೆ ಹರಡುತ್ತಿರುತ್ತಾಳೆ. "ಗೀಸರ್" ಎಂದಳು.

"ನಾಳೆ ಬೆಳಗ್ಗೆ ಬರ್ತೀನಿ. ಅಲ್ಲಿವರೆಗೆ ಆ ಗೀಸರ್ ಹಾಕ್ಬೇಡಿ. ನೀರನ್ನ ಒಲೆ ಮೇಲೆ ಕಾಯಿಸ್ಕೊಳ್ಳಿ. ತಂತಿ ಹತ್ರ ಯಾರೂ ಹೋಗೋದು ಬೇಡ, ಬಟ್ಟೆನ ಒಳಗೇ ಕುರ್ಚಿ ಮೇಲೆ ಹಾಕಿ. ಇಸ್ತ್ರಿ ಪೆಟ್ಟಿಗೆ ಪ್ಲಗ್ ಕಿತ್ತಿಡಿ. ನನ್ನ ಕೋಟು ಸುಕ್ಕಾಗೇ ಇರ್ಲಿ, ನಾನೇನು ಮದುವೆ ಮನೆಗೆ ಹೋಗ್ತಿಲ್ಲ."

ಸಂಜೆ ಊಟಕ್ಕೆ ಕೂತಾಗ ಟೈಲರಕ್ಕ ವಿಷಯ ತೆಗೆದಳು. ಮಾವನ ಕೈ ತಟ್ಟೆಯ ಮೇಲೆ ನಿಂತಿತು.

"ಯಾವಳೋ ಜೇಬು ಹೊಲಿಸೋಕೆ ಬಂದವಳು ಒಂದು ಮಾತು ಹೇಳಿದ್ಲು ಅಂತ ಮನೆ ವೈರಿಂಗ್ ಕೀಳಿಸ್ಬೇಕಾ? ಈ ಮನೆ ಕಟ್ಟಿ ನಲವತ್ತೆಂಟು ವರ್ಷ ಆಯ್ತು. ಯಾರಾದ್ರೂ ಸತ್ರಾ?"

"ಸಾಯೋವರೆಗೂ ಕಾಯ್ಬೇಕಾ ಮಾವ?"

ಮಾತು ಸ್ವಲ್ಪ ಖಾರವಾಯಿತೆಂದು ಅವಳಿಗೇ ಅನ್ನಿಸಿತು. ಗಂಡ ನಡುವೆ ಬಂದ. "ಇರ್ಲಿ ಬಿಡೇ. ಅಪ್ಪನಿಗೆ ಕರೆಂಟಿನ ವಿಷಯ ಗೊತ್ತು. ಏನಾದ್ರೂ ಕೆಟ್ಟಾಗ ನೋಡೋಣ."

"ರೀ, ದಿನಾ ಬೆಳಗ್ಗೆ ಬಸ್ ತೆಗೆಯೋ ಮುಂಚೆ ಬ್ರೇಕ್ ಒತ್ತಿ ನೋಡ್ತೀರೋ ಇಲ್ವೋ?"

"ನೋಡ್ತೀನಿ."

"ಯಾಕೆ? ಕೆಟ್ಟಾಗ ನೋಡಿದ್ರಾಯ್ತಲ್ಲ."

ಗಂಡ ಅನ್ನ ಕಲಸತೊಡಗಿದ. ಅತ್ತೆ ತಲೆ ತಗ್ಗಿಸಿ ನಕ್ಕರು. ಅವರು ಕೂತಲ್ಲೇ ಎಡಗೈಯಿಂದ ಬಲಗೈ ಬೆರಳುಗಳನ್ನು ನೀವಿಕೊಳ್ಳುತ್ತಿದ್ದರು. ಎರಡು ವರ್ಷದಿಂದ ಅವರಿಗೆ ನರದ ದೌರ್ಬಲ್ಯ. ದಿನಾ ರಾತ್ರಿ ಕೈಗೆ ಎಣ್ಣೆ ತಿಕ್ಕಿಕೊಂಡು ಒಂದು ಮಾತ್ರೆ ನುಂಗಿ ಮಲಗುತ್ತಿದ್ದರು.

"ಬರ್ಲಿ ಬಿಡಿ" ಎಂದರು ಅತ್ತೆ. "ನೋಡಿದ್ರೆ ಮನೆ ಸವೆದುಹೋಗುತ್ತಾ? ಏನೂ ಇಲ್ಲ ಅಂದ್ರೆ ನಿಮಗೇ ಹೆಸರು."

ಆ ಕೊನೆಯ ಮಾತು ಕೆಲಸ ಮಾಡಿತು.

ಮರುದಿನ ಎಲೆಕ್ಟ್ರಿಷಿಯನ್ ಬಂದಾಗ ಮಾವ ಸ್ನಾನ ಮಾಡಿ, ಇದ್ದುದರಲ್ಲೇ ಒಳ್ಳೆಯ ಅಂಗಿ ಹಾಕಿಕೊಂಡು, ಹಿತ್ತಲಲ್ಲಿ ಕುರ್ಚಿ ಹಾಕಿ ಕೂತಿದ್ದರು. ನ್ಯಾಯ ಹೇಳಲು ಬಂದವರ ಹಾಗೆ.

"ಬಾಮ್ಮಾ, ಬಾ. ನಮ್ಮ ತಂತಿಗೆ ಜ್ವರ ಬಂದಿದೆಯಂತೆ. ನಾಡಿ ನೋಡು."

"ನೋಡೋಣ ಯಜಮಾನ್ರೇ" ಎಂದು ಆಕೆ ಚೀಲದಿಂದ ಮೀಟರ್ ತೆಗೆದಳು. ಅಂಗೈಯಷ್ಟು ದೊಡ್ಡದು, ಎರಡು ಉದ್ದನೆಯ ಬಾಲ, ಬಾಲದ ತುದಿಗೆ ಸೂಜಿ. ಒಂದು ಸೂಜಿಯನ್ನು ಒದ್ದೆ ಮಣ್ಣಿಗೆ ಚುಚ್ಚಿದಳು. ಇನ್ನೊಂದನ್ನು ತಂತಿಗೆ ತಾಗಿಸಿದಳು. ಎಲ್ಲರೂ ಬಗ್ಗಿ ನೋಡಿದರು.

ಮುಳ್ಳು ಅಲ್ಲಾಡಲಿಲ್ಲ. ಸೊನ್ನೆ.

ಮಾವ ಕುರ್ಚಿಗೆ ಒರಗಿದರು. "ಆಯ್ತಲ್ಲ? ಚಹಾ ಕುಡಿದು ಹೋಗಮ್ಮಾ."

ವಿಚಿತ್ರವೆಂದರೆ, ತಂತಿಯಲ್ಲಿ ಕರೆಂಟು ಇರಲಿ ಎಂದು ಅವಳು ಆ ಗಳಿಗೆಯಲ್ಲಿ ಬಯಸಿದಳು. ಇಲ್ಲದಿದ್ದರೆ ಇನ್ನು ಮುಂದೆ ತಾನು ಏನು ಹೇಳಿದರೂ ಯಾರೂ ಕಿವಿಗೊಡುವುದಿಲ್ಲ.

"ಚಹಾ ಕುಡಿಯೋಣ ಯಜಮಾನ್ರೇ, ಅದಕ್ಕೇನು. ಈಗ ಎಲ್ರೂ ಎರಡು ಹೆಜ್ಜೆ ಹಿಂದೆ ನಿಂತ್ಕೊಳ್ಳಿ, ತಂತಿ ಮುಟ್ಬೇಡಿ" ಎಂದಳು ಎಲೆಕ್ಟ್ರಿಷಿಯನ್. ಆಮೇಲೆ ಒಳಗಿದ್ದ ಗಂಡನಿಗೆ ಕೇಳುವಂತೆ, "ಅಣ್ಣಾ, ಈಗ ಗೀಸರ್ ಹಾಕಿ!" ಎಂದು ಕೂಗಿದಳು.

ಒಳಗೆ ಸ್ವಿಚ್ಚು ಕಟಕ್ಕೆಂದಿತು. ಮುಳ್ಳು ಜಿಗಿಯಿತು. ನೂರರ ಗೆರೆ ದಾಟಿ ನಿಂತು ಸಣ್ಣಗೆ ನಡುಗಿತು.

"ಆಫ್ ಮಾಡಿ."

ಮುಳ್ಳು ಮಲಗಿತು.

"ಹಾಕಿ."

ಮತ್ತೆ ಎದ್ದಿತು.

ಎಲೆಕ್ಟ್ರಿಷಿಯನ್ ಗೀಸರ್ ಆರಿಸಲು ಹೇಳಿ, ತಾನೇ ಹೋಗಿ ಮೇನ್ ಸ್ವಿಚ್ಚನ್ನೂ ಇಳಿಸಿ ಬಂದಳು. ಆಗ ಅತ್ತೆಯ ಧ್ವನಿ ಕೇಳಿಸಿತು, ತೀರಾ ಮೆತ್ತಗೆ.

"ಹಾಗಾದ್ರೆ ನನ್ನ ನರ?"

"ಏನು ನರ?" ಎಂದರು ಮಾವ.

"ನನ್ನ ಕೈ ಜುಮ್ ಅನ್ನೋದೂ ಬೆಳಗ್ಗೇನೇ. ಟವೆಲ್ ಒಣಹಾಕುವಾಗ. ವಯಸ್ಸಾಯ್ತು, ನರ ಸೋತಿದೆ ಅಂದ್ಕೊಂಡೆ. ಎರಡು ವರ್ಷದಿಂದ ಮಾತ್ರೆ ನುಂಗ್ತಿದ್ದೀನಿ." ಅವರು ತಮ್ಮ ಬೆರಳುಗಳನ್ನು ಮುಂದೆ ಚಾಚಿ ನೋಡಿಕೊಂಡರು, ಅವು ಬೇರೆ ಯಾರದ್ದೋ ಎಂಬಂತೆ. "ಅಯ್ಯೋ, ಎಷ್ಟು ಬಾಟ್ಲಿ ಎಣ್ಣೆ ದಂಡವಾಯ್ತು!"

ಟೈಲರಕ್ಕನಿಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ತನ್ನದು ಬರೀ ಹೆದರಿಕೆಯಲ್ಲ, ಭ್ರಮೆಯೂ ಅಲ್ಲ. ಕರೆಂಟು. ಕೇವಲ ಕರೆಂಟು. ಅದನ್ನು ಅಳೆಯಬಹುದು, ಆರಿಸಬಹುದು, ಸರಿಮಾಡಬಹುದು. ಹಾಗೆಂದು ತಿಳಿದದ್ದೇ ಒಂದು ದೊಡ್ಡ ಹೊರೆ ಇಳಿಸಿದಂತಾಯಿತು.

ಮಾವ ಮಾತ್ರ ನಗಲಿಲ್ಲ. "ಎರಡು ವರ್ಷ! ಒಂದು ಸಲ ನನಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಮಧ್ಯಾಹ್ನ ಊಟ ಮಾಡಿ, ಚಪ್ಪಲಿ ಮೆಟ್ಟಿ ಬಂದು, ತಂತಿ ಹಿಡಿದು ನೇತಾಡ್ತಿದ್ರಿ."

ಎಲೆಕ್ಟ್ರಿಷಿಯನ್ ಅಷ್ಟರಲ್ಲಿ ತಂತಿಯ ಜಾಡು ಹಿಡಿದು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. "ಯಜಮಾನ್ರೇ, ಈ ತಂತಿ ಅಂಗಡಿಯಿಂದ ತಂದಿದ್ದಲ್ಲ. ಗೋಡೆಯೊಳಗಿಂದ ಬರ್ತಿದೆ. ಯಾರು ಕಟ್ಟಿದ್ದು?"

ಮಾವನ ಮುಖದಲ್ಲಿ ಏನೋ ಹೊಳೆದುಹೋಯಿತು. ಕುರ್ಚಿಯಿಂದ ಎದ್ದರು.

"ನಾನೇ. ಇದು ಮುಂಚೆ ಆ ಮೂಲೇಲಿ ಮಣ್ಣಿನೊಳಗೆ ಹೋಗ್ತಿತ್ತು. ಅಲ್ಲೊಂದು ಕಬ್ಬಿಣದ ಪೈಪಿತ್ತು. ಒಳ್ಳೇ ದಪ್ಪ ತಂತಿ, ಸುಮ್ನೆ ಮಣ್ಣು ತಿಂತಾ ಬಿದ್ದಿದೆಯಲ್ಲ ಅಂತ..." ಅವರು ನಿಲ್ಲಿಸಿದರು. "ಎರಡು ವರ್ಷದ ಹಿಂದೆ ನಮ್ಮ ಮನೆಯವಳು ಉದ್ದನೇ ತಂತಿ ಬೇಕು ಅಂತಿದ್ಲು. ಪೈಪಿನ ಹತ್ರ ಕತ್ತರಿಸಿ ಎಳೆದು ಕಂಬಕ್ಕೆ ಕಟ್ಟಿದೆ. ಕತ್ತರಿಸಿದ ಮೇಲೂ ದೀಪ ಉರೀತಿತ್ತು, ಫ್ಯಾನ್ ತಿರುಗ್ತಿತ್ತು. ಕೆಲಸಕ್ಕೆ ಬಾರದ್ದು ಅಂದ್ಕೊಂಡೆ."

"ಅದು ಅರ್ತಿಂಗ್ ತಂತಿ" ಎಂದಳು ಎಲೆಕ್ಟ್ರಿಷಿಯನ್. "ಎಲ್ಲ ಸರಿಯಿದ್ದಾಗ ಅದಕ್ಕೆ ಏನೂ ಕೆಲಸ ಇಲ್ಲ, ನಿಜ. ಗೀಸರ್ ಒಳಗೋ, ಫ್ರಿಜ್ ಒಳಗೋ ಕರೆಂಟು ಸೋರಿ ಕಬ್ಬಿಣದ ಮೈಗೆ ಬಂತು ಅನ್ಕೊಳ್ಳಿ. ಅದನ್ನ ಹಿಡ್ಕೊಂಡು ಹೋಗಿ ಮಣ್ಣಿಗೆ ಬಿಡೋದೇ ಈ ತಂತಿ. ಚರಂಡಿ ಇದ್ದ ಹಾಗೆ. ನೀವು ಚರಂಡಿ ತುದಿನ ಕಿತ್ತು ಹಿತ್ತಲ ಮಧ್ಯಕ್ಕೆ ತಿರುಗಿಸಿದ್ರಿ. ನಿಮ್ಮ ಗೀಸರಿನಲ್ಲಿ ನೀರು ಕಾಯಿಸೋ ಕಾಯಿಲ್ ಒಳಗೆ ತೂತಾಗಿದೆ. ಸೋರಿದ್ದು ಎಲ್ಲಿಗೆ ಹೋಗ್ಬೇಕು? ಬಟ್ಟೆ ತಂತಿಗೆ ಬಂತು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತವರ ಮೈಯೊಳಗಿಂದ ಮಣ್ಣಿಗೆ ಹೋಯ್ತು. ಇವತ್ತು ತೂತು ಸಣ್ಣದು, ಜುಮ್ ಅಂತಿದೆ. ಅದು ದೊಡ್ಡದಾಗೋಕೆ ಎಷ್ಟು ದಿನ ಬೇಕು ಅಂತ ನಾನೂ ಹೇಳಲಾರೆ, ಯಾರೂ ಹೇಳಲಾರರು."

"ಸ್ನಾನದ ಮನೆ?" ಗಂಡ ಕೇಳಿದ. ಒದ್ದೆ ತಲೆಯಲ್ಲೇ ಬಾಗಿಲಲ್ಲಿ ನಿಂತಿದ್ದ.

"ನಲ್ಲಿಗೂ ಅದೇ ದಾರಿ ಅಣ್ಣಾ. ನಿನ್ನೆವರೆಗೆ ನೀವು ಪುಣ್ಯದಲ್ಲಿ ಸ್ನಾನ ಮಾಡಿದ್ದೀರಿ, ನೀರಲ್ಲಲ್ಲ."

ಗಂಡ ಟೈಲರಕ್ಕನ ಕಡೆ ನೋಡಿದ. ಬಂದು ಅವಳ ಪಕ್ಕ ನಿಂತ.

ಮಾವನಿಗೆ ಒಂದು ಆಸರೆ ಉಳಿದಿತ್ತು. "ಅಷ್ಟೆಲ್ಲ ಆದ್ರೆ ಫ್ಯೂಸ್ ಹೋಗ್ಬೇಕಿತ್ತಲ್ಲಮ್ಮಾ. ನಮ್ಮ ಫ್ಯೂಸ್ ಹದಿನಾಲ್ಕು ವರ್ಷದಿಂದ ಹೋಗಿಲ್ಲ."

"ಮಣ್ಣಿಗೆ ದಾರಿ ಇಲ್ದೇ ಇದ್ರೆ ಎಂಥ ಫ್ಯೂಸಿಗೂ ಗೊತ್ತಾಗಲ್ಲ ಯಜಮಾನ್ರೇ. ಇರ್ಲಿ, ಅದನ್ನೂ ನೋಡೋಣ." ಆಕೆ ಮೀಟರ್ ಬೋರ್ಡಿನಿಂದ ಪಿಂಗಾಣಿಯ ಫ್ಯೂಸ್ ಎಳೆದಳು. ಮೂರು ಎಳೆ ಹೊಸೆದ ತಾಮ್ರ, ಬೆಂಕಿಕಡ್ಡಿಯಷ್ಟು ದಪ್ಪ. ಅದನ್ನು ಮಾವನ ಅಂಗೈಯಲ್ಲಿಟ್ಟಳು. "ಫ್ಯೂಸ್ ಇರೋದೇ ಸಾಯೋಕೆ. ಭಾರ ಹೆಚ್ಚಾದ್ರೆ ಮೊದಲು ಅದು ಸುಟ್ಟು ಮನೆ ಉಳಿಸ್ಬೇಕು. ಇದು ಸುಡಲ್ಲ. ಇದು ಸುಡೋ ಹೊತ್ತಿಗೆ ಗೋಡೆ ವೈರು ಸುಟ್ಟು, ಪರದೆ ಸುಟ್ಟು, ಅಕ್ಕನ ಬಟ್ಟೆ ರಾಶಿ ಸುಟ್ಟಿರುತ್ತೆ."

ಮಾವ ಅಂಗೈಯಲ್ಲಿದ್ದ ತಂತಿಯನ್ನು ಹೊರಳಿಸಿ ನೋಡಿದರು. ಬೀದಿಯ ಎಷ್ಟು ಮನೆಗಳಲ್ಲಿ ಇಂಥದ್ದನ್ನು ಕಟ್ಟಿಬಂದಿದ್ದೇನೆ ಎಂದು ಎಣಿಸುತ್ತಿದ್ದರೋ ಏನೋ. ಕೊನೆಗೆ ಸೊಸೆಯ ಕಡೆ ತಿರುಗಿ, "ನೀನು ಹೇಳಿದಾಗ ಬೆಳಗ್ಗೆ ಬಂದು ನೋಡ್ಬೇಕಿತ್ತಮ್ಮಾ" ಎಂದರು. ಆ ಮನೆಯಲ್ಲಿ ಮಾವ ತಪ್ಪು ಒಪ್ಪಿಕೊಂಡದ್ದನ್ನು ಅವಳು ಅದೇ ಮೊದಲು ಕೇಳಿದ್ದು. ಅತ್ತೆಯೂ ಅಷ್ಟೇ. ಅವರು ದಂಡವಾದ ಎಣ್ಣೆಯನ್ನು ಮರೆತು ಗಂಡನನ್ನೇ ನೋಡುತ್ತಾ ನಿಂತರು.

"ಈಗೇನು ಮಾಡ್ಬೇಕು?" ಗಂಡ ಕೇಳಿದ. "ಎಲ್ಲ ಒಟ್ಟಿಗೆ ಅಂದ್ರೆ ನಮ್ಮ ಕೈಲಿ ಆಗುತ್ತಾ?"

"ಎಲ್ಲ ಒಂದೇ ದಿನ ಬೇಡ ಅಣ್ಣಾ. ಜೀವ ಉಳಿಸೋದು ಮೊದಲು, ಅಂದ ಆಮೇಲೆ. ಹೊಸ ಅರ್ತಿಂಗ್ ಗುಂಡಿ, ಸೋರಿಕೆ ಹಿಡಿಯೋ ಸ್ವಿಚ್ಚು, ದಪ್ಪ ಫ್ಯೂಸ್ ತೆಗೆದು, ಭಾರ ಹೆಚ್ಚಾದ್ರೆ ತಾನೇ ಬೀಳೋ ಎಂಸಿಬಿ ಸ್ವಿಚ್ಚು, ಗೀಸರ್ ರಿಪೇರಿ. ಇಷ್ಟು ಈ ವಾರ ಆಗ್ಲೇಬೇಕು. ಕೋಣೆಗಳ ವೈರನ್ನ ಒಂದೊಂದಾಗಿ ಬದಲಾಯಿಸ್ಕೊಂಡು ಬರೋಣ, ಅಡುಗೆಮನೆಯಿಂದ ಶುರುಮಾಡಿ."

ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಲು ಎತ್ತಿಟ್ಟ ದುಡ್ಡು ಸ್ವಲ್ಪ ಇತ್ತು. "ಹಳೇ ನೆಲದ ಮೇಲೆ ನಿಂತು ಅಡುಗೆ ಮಾಡಿದ್ರೆ ಅನ್ನ ಬೇಯಲ್ವಾ?" ಎಂದರು ಅತ್ತೆ. ಅಲ್ಲಿಗೆ ಆ ಮಾತು ಮುಗಿಯಿತು.

ಕೆಲಸ ನಾಲ್ಕು ದಿನ ನಡೆಯಿತು. ಮೇನ್ ಸ್ವಿಚ್ ಇಳಿಸಿಯೇ ಎಲ್ಲ ಕೆಲಸ. ಗೋಡೆಯ ಮರದ ಪಟ್ಟಿ ಬಿಚ್ಚಿದಾಗ ಒಳಗಿನ ವೈರಿನ ಮೇಲಿದ್ದ ರಬ್ಬರು ಒಣಗಿದ ಎಲೆಯಂತೆ ಪುಡಿಪುಡಿಯಾಗಿ ಉದುರಿತು. ಎರಡು ಕಡೆ ಇಲಿ ಕಡಿದು ತಾಮ್ರ ಹಲ್ಲು ಕಿರಿಯುತ್ತಿತ್ತು. ಅಡುಗೆಮನೆಯ ಚಿಟಿಚಿಟಿ ಸ್ವಿಚ್ಚಿನ ಹಿಂಬದಿ ಕಪ್ಪಾಗಿ ಸುಟ್ಟಿತ್ತು. ಎಲೆಕ್ಟ್ರಿಷಿಯನ್ ಒಂದೊಂದನ್ನೂ ತೆಗೆದು ಮಾವನಿಗೆ ತೋರಿಸುತ್ತಿದ್ದಳು. ಅವರು ಕನ್ನಡಕ ಏರಿಸಿ ನೋಡಿ, "ಹೂಂ" ಎನ್ನುತ್ತಿದ್ದರು. ಎರಡನೆಯ ದಿನಕ್ಕೆ ಅವರೇ ಟಾರ್ಚ್ ಹಿಡಿದರು. ಮೂರನೆಯ ದಿನಕ್ಕೆ, "ಈ ಮೂರು ಪಿನ್ನಿನಲ್ಲಿ ಮೇಲಿನ ದಪ್ಪ ಪಿನ್ನು ಅರ್ತಿಂಗಿಗೆ, ಅಲ್ವಾ?" ಎಂದು ಕೇಳಿದರು.

"ಹೌದು. ಪ್ಲಗ್ಗಿಗೆ ತೂತು ಹೊಂದಲ್ಲ ಅಂತ ಅದನ್ನ ಮುರಿದು ಹಾಕ್ತಾರಲ್ಲ, ಅದು ಕಾವಲುಗಾರನ ಕಾಲು ಮುರಿದ ಹಾಗೆ."

"ನಾನೂ ಎರಡು ಮುರಿದಿದ್ದೀನಿ" ಎಂದರು ಮಾವ, ಮೆಲ್ಲಗೆ.

ಹಿತ್ತಲ ಮೂಲೆಯಲ್ಲಿ ಆಳೆತ್ತರಕ್ಕಿಂತ ಆಳವಾದ ಗುಂಡಿ ತೆಗೆದು, ಹೊಸ ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿದರು. ಹಳೆಯ ಪೈಪ್ ಹೊರಬಂದಾಗ ತುಕ್ಕು ಹಿಡಿದು ಜರಡಿಯಾಗಿತ್ತು. ಮೀಟರಿನ ಪಕ್ಕ ಹೊಸ ಪೆಟ್ಟಿಗೆ ಬಂತು. ಅದರಲ್ಲಿ ಸಾಲಾಗಿ ಎಂಸಿಬಿಗಳು. ಜೊತೆಗೆ ಸೋರಿಕೆ ಹಿಡಿಯುವ ಸ್ವಿಚ್ಚು. ಅಂಗಡಿಯಲ್ಲಿ ಆರ್‌ಸಿಸಿಬಿ ಎಂದು ಕೇಳಬೇಕು. ಅದರ ಮೇಲೊಂದು ಪುಟ್ಟ ಒತ್ತುಗುಂಡಿ. ತಿಂಗಳಿಗೊಮ್ಮೆ ಅದನ್ನು ಒತ್ತಬೇಕು. ಟಕ್ಕೆಂದು ಕರೆಂಟು ಹೋದರೆ ಅದು ಎಚ್ಚರವಾಗಿದೆ ಎಂದರ್ಥ. ಬಟ್ಟೆಗೆ ನೈಲಾನ್ ಹಗ್ಗ ಕಟ್ಟಿದರು.

ಇಸ್ತ್ರಿ ಪೆಟ್ಟಿಗೆಯನ್ನು ಎಸೆಯಿರಿ ಎಂದು ಎಲೆಕ್ಟ್ರಿಷಿಯನ್ ಹೇಳಿಹೋಗಿದ್ದಳು. ಮಾವನಿಗೆ ಮನಸ್ಸು ಬರಲಿಲ್ಲ. ಅದು ಪ್ರೆಸ್ಸಿನಲ್ಲಿ ಮೊದಲ ಬೋನಸ್ ಬಂದಾಗ ಕೊಂಡದ್ದು. ಐದನೆಯ ದಿನ ಅದಕ್ಕೊಂದು ಮೂರು ಪಿನ್ನಿನ ಪ್ಲಗ್ ಜೋಡಿಸಿ, ಹೊಸ ಸಾಕೆಟ್ಟಿಗೆ ಚುಚ್ಚಿ, ಸ್ವಿಚ್ ಹಾಕಿದರು.

ಟಕ್. ಫ್ಯಾನ್ ನಿಂತಿತು. ಫ್ರಿಜ್ಜಿನ ಗುಂಯ್ ಸದ್ದು ನಿಂತಿತು. ಹೊಲಿಗೆ ಯಂತ್ರ ಅರ್ಧ ಹೊಲಿಗೆಯಲ್ಲಿ ನಿಂತಿತು.

"ಏನ್ರೀ" ಎಂದು ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು, "ಹೊಸ ಕಾವಲುಗಾರ ಮೊದಲು ಹಿಡಿದದ್ದು ನಿಮ್ಮನ್ನೇನಾ?"

ಮಾವನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಕೈಯಲ್ಲಿದ್ದ ಪೆಟ್ಟಿಗೆ ನೋಡಿದರು, ಗೋಡೆಯ ಮೇಲಿನ ಸ್ವಿಚ್ಚು ನೋಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕೆಲಸ ಮುಗಿಸಿತ್ತು. "ಭಲೇ!" ಎಂದರು. ಪ್ಲಗ್ ಕಿತ್ತು, ವೈರನ್ನು ಇಕ್ಕಳದಿಂದ ಕತ್ತರಿಸಿ, ಪೆಟ್ಟಿಗೆಯನ್ನು ಗುಜರಿ ಚೀಲಕ್ಕೆ ಹಾಕಿದರು.

ಹತ್ತನೆಯ ದಿನ ನಾದಿನಿ ಬಂದಳು. ಮಗುವನ್ನು ನೆಲಕ್ಕೆ ಬಿಟ್ಟದ್ದೇ ತಡ, ಅದು ಹಿತ್ತಲಿಗೆ ಅಂಬೆಗಾಲಿಟ್ಟಿತು. ಟೈಲರಕ್ಕ ಕತ್ತರಿ ಕೆಳಗಿಟ್ಟು ಅಭ್ಯಾಸಬಲದಿಂದ ಓಡಿದಳು. ಮಗು ಗೋಡೆಯ ಬುಡಕ್ಕೆ ಹೋಗಿ, ಗೋಡೆಗೆ ಅಂಗೈ ಒತ್ತಿ, ತೂರಾಡುತ್ತಾ ಎದ್ದು ನಿಂತಿತು. ಅಲ್ಲಿ ಗೋಡೆಯ ಹೊರತು ಏನೂ ಇರಲಿಲ್ಲ. ಮಗು ತಿರುಗಿ ಅವಳನ್ನು ನೋಡಿ ಎರಡು ಹಲ್ಲು ತೋರಿಸಿತು. ಟೈಲರಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏನತ್ತಿಗೆ, ಸುಸ್ತಾ?" ನಾದಿನಿ ಕೇಳಿದಳು.

"ಇಲ್ವೇ. ಆರಾಮು."

ಅಂದು ಮಧ್ಯಾಹ್ನ ಮಾವ ಅಂಗಿ ತೊಟ್ಟು ಬೀದಿಗಿಳಿದರು. ಒಂದೊಂದೇ ಮನೆಯ ಬಾಗಿಲು ತಟ್ಟಿದರು. "ನಿಮ್ಮ ಮನೇಲಿ ನಾನು ಕಟ್ಟಿದ ಫ್ಯೂಸ್ ಇದೆಯಲ್ಲ, ಅದು ತಪ್ಪು. ನಾನೂ ಮುಟ್ಟಲ್ಲ, ನೀವೂ ಮುಟ್ಬೇಡಿ. ಈ ನಂಬರಿಗೆ ಫೋನ್ ಮಾಡಿ, ಲೈಸೆನ್ಸ್ ಇರೋರು ಬಂದು ನೋಡ್ತಾರೆ." ಕೆಲವರು ನಕ್ಕರು. "ಏನ್ ಫ್ಯೂಸಣ್ಣ, ನಿಮ್ಮ ಅಂಗಡಿ ನೀವೇ ಮುಚ್ತಿದ್ದೀರಲ್ಲ!" ಎಂದರು. "ಹೂಂ, ಮುಚ್ತಿದ್ದೀನಿ. ತಡವಾಗಿ ಮುಚ್ತಿದ್ದೀನಿ" ಎಂದು ಅವರು ಮುಂದಿನ ಮನೆಗೆ ನಡೆದರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಈಗ ನಿಮ್ಮ ಮನೆಯ ಮಾತು.

ನಿಮ್ಮ ಮನೆ ಇಪ್ಪತ್ತೈದು ಮೂವತ್ತು ವರ್ಷ ಹಳೆಯದಾಗಿದ್ದು, ವೈರಿಂಗನ್ನು ಯಾರೂ ತೆರೆದು ನೋಡಿಲ್ಲವಾದರೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಒಮ್ಮೆ ಕರೆಸಿ. ಅರ್ತಿಂಗ್ ಇದೆಯೇ, ಅದರ ತುದಿ ನಿಜವಾಗಿ ಮಣ್ಣು ಸೇರಿದೆಯೇ ಎಂದು ಅಳೆಸಿ ನೋಡಿ. ಸೋರಿಕೆ ಹಿಡಿಯುವ ಸ್ವಿಚ್ಚು ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಇದ್ದರೆ ಅದರ ಗುಂಡಿ ಇವತ್ತೇ ಒತ್ತಿ ನೋಡಿ. ಫ್ಯೂಸಿಗೆ ಸಿಕ್ಕಿದ ತಂತಿ ಕಟ್ಟಬೇಡಿ. ಬಟ್ಟೆಗೆ ಲೋಹದ ತಂತಿ ಬೇಡ, ಹಗ್ಗ ಸಾಕು. ಯಾರಿಗಾದರೂ ಕರೆಂಟು ಹಿಡಿದರೆ ಓಡಿಹೋಗಿ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಸ್ವಿಚ್ ಇಳಿಸಿ. ಮನೆಯಲ್ಲಿ ಎಲ್ಲರಿಗೂ, ಮಕ್ಕಳಿಗೂ, ಆ ಸ್ವಿಚ್ಚು ಎಲ್ಲಿದೆ ಎಂದು ಗೊತ್ತಿರಲಿ.

ಇಷ್ಟೆಲ್ಲ ನೆನಪಿರದಿದ್ದರೆ ಒಂದನ್ನಾದರೂ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಯಾರಾದರೂ, ಹೆಂಡತಿಯೋ, ಅಮ್ಮನೋ, ಕೆಲಸಕ್ಕೆ ಬರುವವರೋ, ಪುಟ್ಟ ಮಗುವೋ, "ಮುಟ್ಟಿದ್ರೆ ಜುಮ್ ಅಂತು" ಎಂದರೆ ನಗಬೇಡಿ. ಎಲ್ಲಿ, ಯಾವಾಗ ಎಂದು ಕೇಳಿ. ಮೇನ್ ಸ್ವಿಚ್ ಇಳಿಸಿ. ಆಮೇಲೆ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ.